ಅವ್ವನ ಕಾಲಿಗೆ ಮರಳಿನ ಚೀಲ

ಸೊಲ್ಲಾಪುರದ ನವಿ ಪೇಠದ ಹಿಂದಿನ ಓಣಿಯ ಫಿಜಿಯೋಥೆರಪಿ ದವಾಖಾನೆಯಲ್ಲಿ ಮಂಡಿನೋವಿಗೆಂದು ಸರದಿ ಕಾಯುತ್ತಿದ್ದೆ. ಒಳಕೋಣೆಯಿಂದ ಬಂದ ಹೆಣ್ಣುಮಗಳೊಬ್ಬಳು ಬೆಂಚಿನ ಮೇಲೆ ತನ್ನ ಅಣ್ಣನ ಪಕ್ಕ ಕುಸಿದು ಕೂತಳು.

“ಏನಾತ ಶೀತಲ? ಅವ್ವ ಹೆಂಗದಾಳ?”

“ಕಾಲಿಗೆ ಮರಳಿನ ಚೀಲ ಕಟ್ಟಿ ಎತ್ತು ಅನ್ನಾಕತ್ತಾರ, ಅಣ್ಣಾ.”

“ಎಂಬತ್ತರ ಮುದುಕಿಗೆ? ಡಾಕ್ಟರಬಾಯಿಗೆ ತಲಿ ಕೆಟ್ಟೈತೇನ?”

“ನಾನೂ ಹಂಗ ಅಂದೆ. ಸ್ನಾಯುದಾಗ ಸ್ಟೆಮ್ ಸೆಲ್ ಮಲಗಿರ್ತಾವಂತ. ಭಾರ ಎತ್ತಿದ್ರ ಎದ್ದು ಸ್ನಾಯು ರಿಪೇರಿ ಮಾಡ್ತಾವಂತ.”

“ಈ ವಯಸ್ಸಿನಾಗ ಎಲ್ಲಿ ಉಳಿದಿರ್ತಾವ?”

“ಕಮ್ಮಿ ಆಗಿರ್ತಾವ, ಸಾವಕಾಶ ಏಳ್ತಾವ. ಆದ್ರ ಅದಾವಂತ.”

“ಆಕಿ ಬಿದ್ದಾಗ ಮುರಿದ ಎಲುಬು ಯಾವಾಗೋ ಕೂಡೇತಲ್ಲ. ಮತ್ತ ಕಾಲು ಕಡ್ಡಿ ಯಾಕ ಆಗ್ಯಾವ?”

ಆಕೆ ಒಳಕೋಣೆಯ ಬಾಗಿಲ ಕಡೆ ನೋಡಿದಳು.

“ನಾವು ಏಳಾಕ ಬಿಡಲಿಲ್ಲಲ್ಲ, ಅಣ್ಣಾ. ಮಲಗಿಸಿ ಮಲಗಿಸಿ ಸೊರಗ್ಯಾವಂತ.”

“ಬಚ್ಚಲಕ್ಕೂ ನಾನ ಎತ್ಕೊಂಡು ಒಯ್ದೆ. ಸೇವಾ ಮಾಡಾಕತ್ತೀನಿ ಅಂತ ತಿಳದಿದ್ದೆ.”

“ನಾನೂ ಹಂಗ ತಿಳದಿದ್ದೆ.”

“ಆಕಿ ದಿನಾ ಬೇಡ್ತಿದ್ಲು, ‘ಇಳಸೋ, ನಾ ನಡೀತೀನಿ’ ಅಂತ. ನಾ ಬೈದೆ, ಶೀತಲ. ಬೈದು ಮಲಗಿಸಿದೆ.”



ಬಾಗಿಲು ತೆರೆಯಿತು. ಅವರ ತಾಯಿ ವಾಕರ್ ಹಿಡಿದು ನಿಂತಿದ್ದರು, ಕಾಲುಗಳು ನಡುಗುತ್ತಿದ್ದವು. ಮಗ ಎತ್ತಿಕೊಳ್ಳಲು ಓಡಿದ.

“ಮುಟ್ಟಬ್ಯಾಡ ಶೈಲೇಶ. ನನ್ನ ಹಿಂದ ಬಾ.”

ಅವರು ನಿಧಾನವಾಗಿ, ನಿಂತು ನಿಂತು, ಹೊರಬಾಗಿಲ ಕಡೆ ಹೊರಟರು. ಮಕ್ಕಳಿಬ್ಬರೂ ಮುಟ್ಟದೆ ಕೈ ಚಾಚಿಕೊಂಡು ಹಿಂದೆ ಹೋದರು.