ನೆತ್ತಿಯಲ್ಲಿ ಚುಕ್ಕೆಯಿದ್ದ ಮೀನು

ವೇದಿಕೆಯಲ್ಲಿರುವ ಪಂಚಾಯತ್ ಅಧ್ಯಕ್ಷರೇ, ಅತಿಥಿಗಳೇ, ಪಾಯಸದ ಪರಿಮಳ ಬರುತ್ತಿದ್ದರೂ ಎದ್ದು ಹೋಗದ ಸಭಿಕರೇ,

ಮೂವತ್ತೊಂದು ವರ್ಷ ಆರೋಗ್ಯ ಇಲಾಖೆಯಲ್ಲಿ ಸೊಳ್ಳೆಯ ಹಿಂದೆ ಓಡಿದ ಈ ಪೂವಪ್ಪನಿಗೆ ನಿವೃತ್ತಿಯ ದಿನ ಶಾಲು ಹೊದೆಸಿದ್ದೀರಿ. ಸುಸ್ತಾಗಿದೆ, ಕುಳಿತೇ ಮಾತಾಡುತ್ತೇನೆ. ಸನ್ಮಾನಪತ್ರ ಓದಿದ ಪಂಕಜಾಕ್ಷಿ ಟೀಚರ್, "ಚಿಕುನ್‌ಗುನ್ಯಾ ಕಾಲದಲ್ಲಿ ಸೊಳ್ಳೆಮರಿ ತಿನ್ನಲೆಂದು ಊರ ಕೆರೆಗೆ ಗಪ್ಪಿ ಮೀನು ತಂದು ಬಿಟ್ಟವರು" ಎಂದರು. ಚಪ್ಪಾಳೆ ಬಿತ್ತು. ಆ ಒಂದು ಸಾಲು ನನಗೆ ಬೇಡ.

ಗಪ್ಪಿಗಿಂತ ಮೊದಲು ಆ ಕೆರೆಯಲ್ಲಿ ಯಾವ ಮೀನಿತ್ತು, ಯಾರಿಗಾದರೂ ನೆನಪುಂಟೇ? ಬೆರಳುದ್ದದ್ದು. ನೆತ್ತಿಯ ಮೇಲೆ ಹೊಳೆಯುವ ಬಿಳಿ ಚುಕ್ಕೆ. ಮಲಯಾಳದಲ್ಲಿ ಮಾನತ್ತುಕಣ್ಣಿ ಎನ್ನುತ್ತಾರೆ, ಆಕಾಶ ನೋಡುವ ಕಣ್ಣಿನದ್ದು ಎಂದು. ಯಾವಾಗಲೂ ನೀರಿನ ಮೇಲ್ಭಾಗದಲ್ಲೇ ಇರುತ್ತದೆ, ಸೊಳ್ಳೆಯ ಮರಿಗಳನ್ನು ತಿನ್ನುತ್ತದೆ. ನನ್ನ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಿತ್ತು! ನೀರಿನ ಗಿಡಗಳ ಬೇರಿಗೆ ಒಂದೊಂದಾಗಿ ಮೊಟ್ಟೆ ಅಂಟಿಸುತ್ತದೆ. ಮರಿಯಾಗಲು ಎರಡು ವಾರ ಬೇಕು. ಇದನ್ನೆಲ್ಲ ನಾನು ಓದಿದ್ದು ಆಮೇಲೆ.

ಗಪ್ಪಿ ಬಿಡುವ ಮೊದಲು ಕೆರೆಯ ಗಿಡ ಕೀಳಿಸಲು ಹೋದಾಗ, ದಡದ ಮನೆಯ ಅಕ್ಕು ಓದದೆಯೇ ಹೇಳಿದ್ದರು: "ಇನ್ಸ್‌ಪೆಕ್ಟ್ರೇ, ಆ ಬೇರು ತೆಗೀಬೇಡಿ ಮಾರಾಯ್ರೇ. ಅದರಲ್ಲಿ ಮೀನಿನ ಮೊಟ್ಟೆ ಉಂಟು."

"ಎಂತ ಅಕ್ಕು ಅಕ್ಕ, ನಿಮಗೆ ಮೀನು ಬೇಕಾ, ಜ್ವರ ಬೇಕಾ?" ಎಂದೆ. ಎಲ್ಲರೂ ನಕ್ಕರು.

ನನಗೆ ಹೆದರಿಕೆಯಾಗಿತ್ತು ಸಭಿಕರೇ. ಆ ವರ್ಷ ನನ್ನ ಹೆಂಡತಿ ಸತ್ಯವತಿಗೆ ಅದೇ ಜ್ವರ ಬಂದು, ಗಂಟುನೋವಿನಿಂದ ಜಡೆ ಹಾಕಿಕೊಳ್ಳಲು ಕೈ ಎತ್ತಲಾಗುತ್ತಿರಲಿಲ್ಲ. ಏಳು ತಿಂಗಳು ನಾನೇ ಹಾಕಿದೆ. ಹೇಗೆ ಹಾಕುತ್ತಿದ್ದೆನೆಂದು ಅವಳನ್ನೇ ಕೇಳಿ, ಮುಂದಿನ ಸಾಲಿನಲ್ಲಿದ್ದಾಳೆ. ಆ ಹೆದರಿಕೆಯಲ್ಲಿ ಕೆರೆಯ ಗಿಡಗಳನ್ನೆಲ್ಲ ಬೇರುಸಹಿತ ಕೀಳಿಸಿ ದಡದಲ್ಲಿ ಒಣಗಿಸಿದೆ. ಗಪ್ಪಿ ಬಿಟ್ಟೆ. ಮಳೆಗಾಲದಲ್ಲಿ ಕೆರೆ ತುಂಬಿ ಹರಿದಾಗ ಗಪ್ಪಿ ಹೋಯಿತು. ನಮ್ಮ ಮೀನು ಮರಳಿ ಬರಲಿಲ್ಲ. ಸೊಳ್ಳೆ ಮಾತ್ರ ಬಂತು.

ಈಗ ಆಮಂತ್ರಣದಲ್ಲಿ ಅಚ್ಚಾಗಿದೆ: ನನ್ನ ಗೌರವಾರ್ಥ ಭಾನುವಾರ ಶ್ರಮದಾನ, ಅಕ್ಕು ಅವರ ತೋಟದ ಹೊಂಡದ ಶುಚೀಕರಣ. ಅಕ್ಕು ತೀರಿಕೊಂಡು ಎರಡು ವರ್ಷವಾಯಿತು, ಬೇಡ ಎನ್ನಲು ಯಾರೂ ಇಲ್ಲ. ಓದಿದವನೇ ಹೊಂಡದ ಬಳಿ ಓಡಿದೆ. ಬೇರುಗಳ ನಡುವೆ ಆ ಮೀನು ಇದೆ. ಏಳು ಕಂಡೆ. ಈ ಊರಿನಲ್ಲಿ ಇನ್ನೆಲ್ಲೂ ನಾನು ಕಂಡಿಲ್ಲ. ದಡದಲ್ಲಿ ಕುಳಿತು ಅತ್ತೆ, ಹೇಳಲು ನಾಚಿಕೆಯಿಲ್ಲ.

ಅಧ್ಯಕ್ಷರೇ, ಶಾಲು ಬೇಕಾದರೆ ಹಿಂದೆ ತೆಗೆದುಕೊಳ್ಳಿ. ಭಾನುವಾರ ಯಾರೂ ಬರಬೇಡಿ. ಹಾರೆ ಹಿಡಿದು ಬಂದರೆ, ದಾರಿಗೆ ಅಡ್ಡ ಕುರ್ಚಿ ಹಾಕಿ ನಾನು ಕುಳಿತಿರುತ್ತೇನೆ. ನಾಳೆಯಿಂದ ನನಗೆ ಬೇರೆ ಕೆಲಸವಿಲ್ಲ.

ಇಷ್ಟು ಹೊತ್ತು ಸಹಿಸಿಕೊಂಡದ್ದಕ್ಕೆ ಉಪಕಾರ. ನಮಸ್ಕಾರ.