ಅರ್ಧಕ್ಕೆ ಕರೆದದ್ದು

"ಪೂರ್ತಿ ಆದ್ಮೇಲೆ ಕರೀರಿ. ಅರ್ಧಕ್ಕೆ ಕರೀಬೇಡಿ."

ನಮ್ಮ ಪಕ್ಕದ ಮನೆಯ ಬಡಗಿಗೆ ಅವನ ಹೆಂಡತಿ ಹೇಳಿದ ಕೊನೇ ಮಾತು ಇಷ್ಟೇ. ಹೇಳಿ ಒಳಗೆ ಹೋಗಿ ಮಲಗಿದಳು. ಏಳಲಿಲ್ಲ.

ಅವನಿಗೆ ಅದೊಂದು ಚಾಳಿ. ಸ್ಟೂಲಿಗೆ ಮೂರು ಕಾಲು ಕೂಡಿಸಿದರೆ ಸಾಕು, "ಏ, ಬಾರೇ ಇಲ್ಲಿ, ನೋಡು!" ಅವಳು ಒದ್ದೆ ಕೈ ಒರೆಸಿಕೊಂಡು ಬರಬೇಕು. ನೋಡಬೇಕು. ಬೈಯಬೇಕು.

ಆವತ್ತು ಮೇಜಿನ ಮೇಲಿದ್ದದ್ದು ಸ್ಟೂಲಲ್ಲ. ಅವಳ ತಮ್ಮ ಅಕ್ಕನಿಗೆಂದು ಕಳಿಸಿದ್ದ ಸಿಂಥಸೈಜರ್ ಅನ್ನೋ ಕರೆಂಟು ವಾದ್ಯದ ಕಿಟ್ಟು. ಬಿಡಿಬಿಡಿ ಪೆಟ್ಟಿಗೆಗಳು. ಒಂದು ಸದ್ದು ಹುಟ್ಟಿಸುತ್ತೆ. ಇನ್ನೊಂದು ಸೋಸುತ್ತೆ. ಮತ್ತೊಂದು ಏರಿಸಿ ಇಳಿಸಿ ಸ್ಪೀಕರಿಗೆ ಬಿಡುತ್ತೆ. ನಡುವಿನ ವೈರು ನಾವೇ ಸಿಕ್ಕಿಸಬೇಕು. ಅವಳಿಗೆ ಕಣ್ಣು ಮಂಜು. ಅದಕ್ಕೇ ಇವನು ಕೂತಿದ್ದ.

ಅವಳು ಹೋದಮೇಲೂ ಕೂತ. ಸದ್ದು ಬರಲಿಲ್ಲ. ಕೊನೆಗೊಂದು ರಾತ್ರಿ ಸ್ಪೀಕರೊಂದನ್ನು ಬಿಟ್ಟು ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ರೇಡಿಯೋ ರಿಪೇರಿಯವನ ಅಂಗಡಿಗೆ ಹೋದ.

ರೇಡಿಯೋದವನು ನೋಡಿ ನಕ್ಕ. "ಏನ್ ಮೇಸ್ತ್ರಿ, ಸದ್ದು ಹೊರಗೆ ಬಿಡೋ ತೂತಿಂದ ಹೊರಗೆ ಬಿಡೋ ತೂತಿಗೇ ಕೊಟ್ಟಿದೀರಲ್ಲ! ಇಬ್ರೂ ಮಾತಾಡ್ತಾನೇ ಇದ್ರೆ ಕೇಳೋರು ಯಾರು?"

"ನಮ್ಮನೇಲಿ ಹಂಗೇ ಇತ್ತು," ಅಂದ ಬಡಗಿ.

ರೇಡಿಯೋದವನ ನಗು ನಿಂತಿತು. ತಪ್ಪಿದ್ದ ವೈರೆಲ್ಲ ಸರಿಮಾಡಿಕೊಟ್ಟ. "ಸ್ಪೀಕರಿನ ವೈರು ಒಳಗೇ ತುಂಡಾಗಿದೆ. ಈ ಹೊಸದು ತಗೊಳ್ಳಿ. ಇದೊಂದನ್ನ ಮನೇಲಿ ನೀವೇ ಸಿಕ್ಕಿಸಿ. ಆಯ್ತು ಅಷ್ಟೇ."

ಬರುವಾಗ ಬೀದಿಯಲ್ಲಿ ಯಾರೂ ಇರಲಿಲ್ಲ. ಕಬ್ಬಿಣದ ಜಾಲರಿ ಮುಚ್ಚಿದ ಹಳೇ ಬಾವಿ ಬಂತು. ಜೇಬಲ್ಲಿ ವೈರು. ಇನ್ನೇನು ಮುಗಿದೇ ಹೋಯಿತು ಅನ್ನೋ ಖುಷಿ. ಬಾಯಿ ಹಳೇ ಚಾಳಿಗೆ ಬಿತ್ತು.

"ಆಯ್ತು ಕಣೇ... ಬಾರೇ."

ಕಿಣ್... ಜಾಲರಿ ಸದ್ದು. ಇವನು ಅದನ್ನು ತುಳಿದಿರಲಿಲ್ಲ.

ಆಮೇಲೆ ಹಿಂದೆ ಚಪ್ಪಲಿ ಸದ್ದು. ಚಟ್... ಚಟ್... ನಡುವೆ ಇನ್ನೊಂದು ಕಾಲಿನ ಸದ್ದು ಬರಬೇಕಲ್ಲ. ಬರಲಿಲ್ಲ. ಒಂದೇ ಕಾಲು.

ಓಡಿದ. ಮನೆ ಹೊಕ್ಕು ಚಿಲಕ ಹಾಕಿದ. ಚಟ್... ಬಾಗಿಲ ಹತ್ತಿರ ನಿಂತಿತು.

"ಆಯ್ತಾ?" ಪಿಸುಮಾತು. ಅವಳದೇ.

"ಇನ್ನೊಂದೇ ಒಂದು ವೈರು..."

"ಅರ್ಧಕ್ಕೆ ಕರೀಬೇಡಿ ಅಂದಿದ್ನಲ್ರೀ..."

ಚಿಲಕಕ್ಕೆ ಕೈ ಹಾಕಿದ.

"ತೆಗೀಬೇಡಿ. ನಾನೂ ಅರ್ಧಾನೇ ಬಂದಿದೀನಿ."

ಕೈ ಅಲ್ಲೇ ನಿಂತಿತು. ತೆಗೆಯೋ ಹಾಗಿಲ್ಲ. ಬಿಟ್ಟಿರೋಕೂ ಆಗಲ್ಲ. ಮೇಜಿಗೆ ಓಡಿ ಚೀಲದ್ದೆಲ್ಲ ಹರಡಿದ. ಮರಕ್ಕೆ ಮರ ಕೂದಲೆಳೆ ಸಂದಿಲ್ಲದೆ ಕೂಡಿಸೋ ಕೈ ಅದು. ತೂತು ಸಿಗಲಿಲ್ಲ. ಕಣ್ಣೀರಿಗೆ ಒಂದು ತೂತು ಎರಡಾಯಿತು. ಟಿಕ್... ಅದಲ್ಲ. ಟಿಕ್... ಅದೂ ಅಲ್ಲ. ಹೊರಗೆ ಬಾಗಿಲ ಹಲಗೆ ಕಿರ್ರ್ ಅಂತು, ಯಾರೋ ಒರಗಿದ ಹಾಗೆ.

"ಹೋಗ್ಬೇಡ್ವೇ... ಬಂತು, ಬಂತು..."

ಟಕ್. ಕೂತಿತು.

ಗುಂಂಂ... ಸ್ಪೀಕರು ಅದುರಿತು. ಮೇಜು ಅದುರಿತು.

"ಪೂರ್ತಿ ಆಯ್ತು ಕಣೇ! ಬಾ!" ಚಿಲಕ ಕಿತ್ತು ಬಾಗಿಲು ತೆಗೆದ.

ಖಾಲಿ ಬೀದಿ. ದೂರದಲ್ಲಿ... ಕಿಣ್.

ಬೆಳಗಾಗೋವರೆಗೂ ಕರೆದ. ನಾವೆಲ್ಲ ಕೇಳಿಸಿಕೊಂಡೆವು. ಯಾರೂ ಹೊರಗೆ ಬರಲಿಲ್ಲ.

ಬೆಳಕಾದ ಮೇಲೆ ನಾನು ಹೋದೆ. ಬಾಗಿಲ ಹೊರಮೈ ಮೇಲೆ ಕೂದಲೆಣ್ಣೆ ಕಲೆ. ಅವಳ ಎತ್ತರಕ್ಕೆ. ಒಂದು ಕಿವಿ... ಅರ್ಧ ಕೆನ್ನೆ. ಅವಳು ಸತ್ತಮೇಲೆ ಬಣ್ಣ ಹೊಡೆದ ಬಾಗಿಲು ಅದು. ಸುಳ್ಳು ಅಂತೀರಾ? ಆಮೇಲೆ ಅವನು ಅದನ್ನು ಕಳಚಲು ತಿರುಪು ಬಿಚ್ಚುವಾಗ ಬಾಗಿಲು ಹಿಡಿದಿದ್ದು ನಾನೇ. ಎಣ್ಣೆ ನನ್ನ ಕೈಗೂ ಅಂಟಿತ್ತು.

ಅವನು ಬಾಗಿಲು ಕಳಚಿ, ಹೊರಮೈ ಒಳಗೆ ಮಾಡಿ, ಉಲ್ಟಾ ಕೂಡಿಸಿದ. ಮೇಜು ಎಳೆದು ಸ್ಪೀಕರನ್ನು ಆ ಕಿವಿಯ ಪಕ್ಕಕ್ಕೆ ತಂದ. ಸ್ವಿಚ್ ಒತ್ತಿದ.