ಮೊಲದ ಹಾಸು

ಮೂಡಿಗೆರೆಯ ಹಿಂಡಿ ಅಂಗಡಿಯಲ್ಲಿ ನನ್ನ ಮುಂದೆ ಅತ್ತೆ, ಸೊಸೆ ನಿಂತಿದ್ದರು. ಮನೆಯೊಳಗೆ ಸಾಕಿದ ಮೊಲದ ಮಾತು. ಅತ್ತೆಯೇ ಶುರುಮಾಡಿದರು.

"ಅದು ಉಚ್ಚೆ ಹೊಯ್ಯೋ ಟ್ರೇಗೆ ಮರದ ಹೊಟ್ಟು ಬೇಡ, ಧೂಳಿಗೆ ಸೀನುತ್ತೆ. ಒಣಹುಲ್ಲು ತಗೊಳ್ಳೋಣ."

"ಕಾಫಿ ಗೋಣಿ ಹಾಸಿದ್ರೆ ಸಾಕಲ್ವಾ ಅತ್ತೆ? ಮನೇಲಿ ರಾಶಿ ಬಿದ್ದಿದೆ."

"ಗೋಣಿ ಚುಚ್ಚುತ್ತೆ ಮಾರಾಯ್ತಿ. ಪಾದ ಹುಣ್ಣಾಗುತ್ತೆ."

"ಮುಟ್ಟಾದಾಗ ಹೊರಗಿನ ಕೋಣೇಲಿ ಮೂರು ದಿನ ಮಲಗಕ್ಕೆ ನನಗೆ ಅದನ್ನೇ ಕೊಡ್ತೀರಲ್ಲ."

"ಅದು ಪದ್ಧತಿ."

"ಮೊಲ ದೇವರಕೋಣೆ ಬಾಗಿಲಲ್ಲೇ ಹೊಯ್ಯುತ್ತೆ."

"ಮೂಕಪ್ರಾಣಿ ಕಣೆ. ನೋಯುತ್ತೆ ಅಂತ ಬಾಯಿಬಿಟ್ಟು ಹೇಳಕ್ಕೆ ಬರಲ್ಲ ಅದಕ್ಕೆ."

"ನಾನು ಹೇಳಿದ್ದೆ ಅತ್ತೆ."

ಅಂಗಡಿಯವನು ಮೆತ್ತನೆಯ ಒಣಹುಲ್ಲು ತಂದಿಟ್ಟ. ಅತ್ತೆ ಅದನ್ನು ಅಂಗೈಯಲ್ಲಿ ಒತ್ತಿ ನೋಡಿ ತಲೆಯಾಡಿಸಿದರು. ಸೊಸೆ ಕಟ್ಟನ್ನು ಎತ್ತಿಕೊಂಡು ಅವರ ಹಿಂದೆ ನಡೆದಳು.